ಗೋಕರ್ಣದ ದಾರಿಯಲ್ಲಿ ಪೆಟ್ರೋಲ್ ಕುಡಿದದ್ದು ಘಟ್ಟವಲ್ಲ, ಗಾಳಿ

ಬೆಂಗಳೂರಿನಿಂದ ಕರಾವಳಿಗೆ ಕ್ರೂಸರ್ ಬೈಕಿನಲ್ಲಿ ಹೊರಡುತ್ತೇವೆ ಎಂದರೆ ಎಲ್ಲರೂ ಹೇಳುವುದು ಒಂದೇ ಮಾತು: ಘಟ್ಟದಲ್ಲಿ ಮೈಲೇಜ್ ಬೀಳುತ್ತದೆ, ಪೆಟ್ರೋಲ್ ನೋಡಿಕೊಳ್ಳಿ. ನಮ್ಮ ಲೆಕ್ಕ ಇದಕ್ಕೆ ತದ್ವಿರುದ್ಧವಾಗಿ ಬಂತು. ನೆಲಮಂಗಲದಲ್ಲಿ ಟ್ಯಾಂಕ್ ತುಂಬಿಸಿ ದಾವಣಗೆರೆಯಲ್ಲಿ ಮತ್ತೆ ತುಂಬಿಸಿದಾಗ ನನ್ನ ಬೈಕ್ ಕೊಟ್ಟದ್ದು ಲೀಟರಿಗೆ 27 ಕಿಲೋಮೀಟರ್. ಅದು ಸಪಾಟು ಹೆದ್ದಾರಿ, ಹೊಂಡ ಇಲ್ಲ, ಸಿಗ್ನಲ್ ಇಲ್ಲ. ಮರಳುವಾಗ ಹೊನ್ನಾವರದಿಂದ ಗೇರುಸೊಪ್ಪ ಘಟ್ಟ ಹತ್ತಿ, ಸಾಗರ ಪಟ್ಟಣದ ಮೂಲಕ ಹಾದು ಶಿವಮೊಗ್ಗ ಸೇರಿದಾಗ ಅದೇ ಬೈಕ್, ಅದೇ ಸಾಮಾನು, 36 ಕಿಲೋಮೀಟರ್. ಇದೇ ದಾರಿಯನ್ನು ಯೋಚಿಸುತ್ತಿರುವವರಿಗೆ ಈ ವ್ಯತ್ಯಾಸದ ಕಾರಣ ಗೊತ್ತಿರಬೇಕು ಎಂದು ಇದನ್ನು ಬರೆಯುತ್ತಿದ್ದೇನೆ.

ನನ್ನದು ರಾಯಲ್ ಎನ್‌ಫೀಲ್ಡ್ ಮೀಟಿಯರ್ 350. ಗಾಡಿಯ ತೂಕ 191 ಕೆಜಿ, ಟ್ಯಾಂಕ್ 15 ಲೀಟರ್, ಐದು ಗೇರ್. ಭಾವನದೂ ಅದೇ ಮಾದರಿ. ನಾನು ಒಬ್ಬಂಟಿ, ಹಿಂದಿನ ಸೀಟಿಗೆ ಉದ್ದುದ್ದ ಕಟ್ಟಿದ ಒಂದು ಚೀಲ. ಭಾವನ ಹಿಂದೆ ಅಕ್ಕ ಕುಳಿತಿದ್ದಳು, ಬೈಕಿನ ಎರಡೂ ಬದಿಗೆ ಅಗಲವಾದ ಸ್ಯಾಡಲ್ ಬ್ಯಾಗ್. ಎರಡೂ ಬೈಕುಗಳು ಜೊತೆಜೊತೆಯಾಗಿ ಒಂದೇ ವೇಗದಲ್ಲಿ ಓಡಿದ್ದರಿಂದ ಹೋಲಿಸಿ ನೋಡುವುದು ಸುಲಭವಾಯಿತು.

ಆಗಸ್ಟ್ ಕೊನೆಯ ವಾರ. ಸಿರಾ ದಾಟುವವರೆಗೆ ಏನೂ ಅನ್ನಿಸಲಿಲ್ಲ. ಹಿರಿಯೂರಿನ ಬಳಿ ಬೈಕ್ ಭಾರವಾದಂತಾಯಿತು. ಸ್ಪೀಡೋಮೀಟರ್ 95ರಲ್ಲಿ ನಿಲ್ಲಬೇಕಾದರೆ ಆಕ್ಸಿಲರೇಟರನ್ನು ಇನ್ನಷ್ಟು ತಿರುವಬೇಕು, ಚಿಕ್ಕ ಏರು ಬಂದರೂ ಐದನೇ ಗೇರಿನಿಂದ ನಾಲ್ಕಕ್ಕೆ ಇಳಿಯಬೇಕು. ಕುತ್ತಿಗೆ ಹಿಂದಕ್ಕೆ ಜಗ್ಗುತ್ತಿತ್ತು. ಚಿತ್ರದುರ್ಗದ ಗುಡ್ಡಗಳ ಮೇಲೆ ಸಾಲುಗಟ್ಟಿ ನಿಂತಿರುವ ಗಾಳಿಯಂತ್ರಗಳನ್ನು ಈ ಹೆದ್ದಾರಿಯಲ್ಲಿ ಹೋದವರೆಲ್ಲ ನೋಡಿರುತ್ತಾರೆ. ಅವುಗಳನ್ನು ಅಲ್ಲಿ ನಿಲ್ಲಿಸಿರುವುದೇ ಅಲ್ಲಿ ಗಾಳಿ ಜೋರಾಗಿರುವುದರಿಂದ. ಮುಂಗಾರಿನ ತಿಂಗಳುಗಳಲ್ಲಿ ಗಾಳಿ ಪಶ್ಚಿಮ ಮತ್ತು ನೈಋತ್ಯದಿಂದ ಬೀಸುತ್ತದೆ; ನಮ್ಮ ರಸ್ತೆ ಬೆಂಗಳೂರಿನಿಂದ ವಾಯವ್ಯಕ್ಕೆ ಸಾಗುತ್ತದೆ. ಅಂದರೆ ಹೋಗುವಾಗ ಗಾಳಿ ಎದೆಗೂ ಎಡಭುಜಕ್ಕೂ ಹೊಡೆಯುತ್ತದೆ, ಬರುವಾಗ ಬೆನ್ನಿಗೆ.

ಈ ಯಂತ್ರಗಳನ್ನು ಸುಮ್ಮನೆ ನೋಡಿ ಮುಂದೆ ಹೋಗಬೇಡಿ, ಅವು ಉಪಯೋಗಕ್ಕೆ ಬರುತ್ತವೆ. ರೆಕ್ಕೆಗಳು ಯಾವಾಗಲೂ ಗಾಳಿ ಬರುವ ದಿಕ್ಕಿಗೆ ಮುಖ ಮಾಡಿರುತ್ತವೆ. ನಿಮ್ಮ ಮುಂದಿರುವ ಯಂತ್ರದ ಬೆನ್ನು, ಅಂದರೆ ಪೆಟ್ಟಿಗೆಯಂಥ ಹಿಂಭಾಗ ನಿಮಗೆ ಕಾಣುತ್ತಿದ್ದರೆ ಗಾಳಿ ಎದುರಿನಿಂದ ಬರುತ್ತಿದೆ. ರೆಕ್ಕೆಗಳ ಮುಖವೇ ನಿಮ್ಮತ್ತ ತಿರುಗಿದ್ದರೆ ಗಾಳಿ ನಿಮ್ಮ ಬೆನ್ನಿಗಿದೆ. ಬೆನ್ನು ಕಂಡರೆ ಆ ಕ್ಷಣವೇ ವೇಗ ಇಳಿಸಿ.

ಏಕೆ ಇಳಿಸಬೇಕೆಂದರೆ, ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 80ರಿಂದ 100ಕ್ಕೆ ಹೋದರೆ ವೇಗ ಕಾಲು ಭಾಗ ಹೆಚ್ಚಾಗುತ್ತದೆ, ತಡೆ ಮಾತ್ರ ಒಂದೂವರೆ ಪಟ್ಟನ್ನೂ ಮೀರುತ್ತದೆ. ಅದರ ಮೇಲೆ ಎದುರುಗಾಳಿ ಸೇರಿದರೆ ಲೆಕ್ಕ ಇನ್ನೂ ಕೆಡುತ್ತದೆ. ನೀವು 95ರಲ್ಲಿ ಹೋಗುತ್ತಿದ್ದು ಎದುರಿನಿಂದ ಗಂಟೆಗೆ 25 ಕಿಲೋಮೀಟರ್ ಗಾಳಿ ಬೀಸುತ್ತಿದ್ದರೆ, ಎದೆಗೆ ತಗಲುವುದು 120ರ ಗಾಳಿ. ಗಾಳಿಯಿಲ್ಲದ ದಿನ 80ರಲ್ಲಿ ಇರುವ ತಡೆಗಿಂತ ಇದು ಎರಡೂಕಾಲು ಪಟ್ಟು. ಕ್ರೂಸರ್‌ಗೆ ಈ ಪೆಟ್ಟು ಬೇರೆ ಬೈಕುಗಳಿಗಿಂತ ಹೆಚ್ಚು. ಫುಟ್‌ಪೆಗ್ ಮುಂದೆ, ಹ್ಯಾಂಡಲ್ ಎತ್ತರದಲ್ಲಿ, ಕುಳಿತವರ ಬೆನ್ನು ನೆಟ್ಟಗೆ. ದಿನವಿಡೀ ಕುಳಿತರೂ ಸೊಂಟ ನೋಯದಂತೆ ಮಾಡುವ ಆ ಭಂಗಿಯೇ ಎದೆಯನ್ನು ದೋಣಿಯ ಹಾಯಿಯಂತೆ ಗಾಳಿಗೆ ಒಡ್ಡುತ್ತದೆ. ಮೈಗಿಂತ ದೊಡ್ಡ ಅಳತೆಯ ರೇನ್‌ಕೋಟ್ ಹಾಕಿಕೊಂಡು ಅದು ಪಟಪಟ ಬಡಿಯುತ್ತಿದ್ದರೆ ಇನ್ನೂ ಕೆಟ್ಟದು. ತೋಳು, ಸೊಂಟದಲ್ಲಿ ಬಿಗಿದು ಕಟ್ಟಿಕೊಳ್ಳಲು ಬರುವ ರೇನ್‌ಕೋಟನ್ನೇ ಕೊಳ್ಳಿ.

ದಾವಣಗೆರೆಯಲ್ಲಿ ಭಾವನ ಬೈಕಿನ ಲೆಕ್ಕ ಲೀಟರಿಗೆ 24 ಬಂತು. ಅಕ್ಕನ ತೂಕ ಇದಕ್ಕೆ ಕಾರಣ ಎಂದು ನಾನು ಒಪ್ಪುವುದಿಲ್ಲ. ಒಂದೇ ವೇಗದಲ್ಲಿ ಸಪಾಟಾಗಿ ಓಡುವ ಬೈಕಿಗೆ ತೂಕ ಬಹಳ ದೊಡ್ಡ ಹೊರೆಯಲ್ಲ. ನಿಲ್ಲಿಸಿ ಹೊರಡುವಾಗ, ಏರುವಾಗ ತೂಕ ಲೆಕ್ಕಕ್ಕೆ ಬರುತ್ತದೆ. ಎರಡೂ ಬದಿಗೆ ಚಾಚಿಕೊಂಡ ಆ ಬ್ಯಾಗುಗಳು ಗಾಳಿಗೆ ಎದುರಾಗುವ ಅಗಲವನ್ನು ಹೆಚ್ಚಿಸುತ್ತವೆ, ತೊಂದರೆ ಅಲ್ಲಿದೆ. ಸಾಮಾನನ್ನು ನಿಮ್ಮ ಬೆನ್ನಿನ ಮರೆಯಲ್ಲಿ, ಭುಜಕ್ಕಿಂತ ಅಗಲವಾಗದಂತೆ ಕಟ್ಟಿ. ಹಿಂದೆ ಜನ ಕುಳಿತಿದ್ದು ಬದಿಗೆ ಬ್ಯಾಗ್ ಹಾಕಲೇಬೇಕಾದರೆ ತೆಳ್ಳಗಿನದನ್ನು ಆರಿಸಿ.

ದಾವಣಗೆರೆಯಿಂದ ಹುಬ್ಬಳ್ಳಿಗೆ 75-80ರ ನಡುವೆ ಹೋದೆವು. ಗಾಳಿ ಇನ್ನೂ ಇತ್ತು. ಆದರೂ ನನ್ನದು 33, ಭಾವನದು 31. ಸಮಯದಲ್ಲಿ ಕಳೆದುಕೊಂಡದ್ದು ಒಂದು ಚಹಾ ಕುಡಿಯುವಷ್ಟು. ಟೈರ್ ಗಾಳಿ, ಚೈನಿನ ಎಣ್ಣೆ, ಪೆಟ್ರೋಲಿನ ಬ್ರ್ಯಾಂಡ್ ಎಂದು ಗಂಟೆಗಟ್ಟಲೆ ಚರ್ಚಿಸುವವರು ಮೊದಲು ಬಲಗೈಯ ಮಾತಾಡಬೇಕು.

ಈಗ ಬಂಕಿನ ವಿಷಯ. ಹೆದ್ದಾರಿಯ ಒಂದು ಬಂಕಿನಲ್ಲಿ ಭಾವ ಸಾವಿರ ರೂಪಾಯಿಗೆ ಹಾಕಿ ಎಂದರು. ಹುಡುಗ ಇನ್ನೂರಕ್ಕೆ ನಿಲ್ಲಿಸಿದ, ತನಗೆ ಹಾಗೇ ಕೇಳಿಸಿತು ಎಂದ. ಸರಿ, ಉಳಿದ ಎಂಟುನೂರಕ್ಕೂ ಹಾಕು ಎಂದರೆ, ಅಷ್ಟರಲ್ಲಿ ಇನ್ನೊಬ್ಬ ಬಂದು ಹಣ ಫೋನಿನಲ್ಲಿ ಕೊಡುತ್ತೀರಾ, ಕಾರ್ಡಿನಲ್ಲಿ ಕೊಡುತ್ತೀರಾ, ಎಂಜಿನ್ ಆಯಿಲ್ ಬೇಕೇ ಎಂದು ಮಾತಿಗೆಳೆದ. ಮೀಟರ್ ಸೊನ್ನೆಗೆ ಬರಲೇ ಇಲ್ಲ. ಇನ್ನೂರರಿಂದಲೇ ಮುಂದುವರಿದು ಎಂಟುನೂರಕ್ಕೆ ನಿಂತಿತು. ಕೇಳಿದ್ದು ಸಾವಿರ ರೂಪಾಯಿ, ಟ್ಯಾಂಕಿಗೆ ಬಿದ್ದದ್ದು ಎಂಟುನೂರರ ಪೆಟ್ರೋಲ್. ನಾನು ಪಕ್ಕದಲ್ಲಿ ನಿಂತು ಮೀಟರನ್ನೇ ನೋಡುತ್ತಿದ್ದೆ, ಅದಕ್ಕೇ ಸಿಕ್ಕಿಬಿದ್ದರು. ಹೊರಟುಹೋಗಿದ್ದರೆ ಹತ್ತಿರ ಹತ್ತಿರ ಎರಡು ಲೀಟರ್, ಅಂದರೆ ಐವತ್ತು-ಅರವತ್ತು ಕಿಲೋಮೀಟರಿನ ಪೆಟ್ರೋಲ್ ಹೋಗುತ್ತಿತ್ತು. ಮುಂದೆ ಲೆಕ್ಕ ಹಾಕಿದಾಗ ಬೈಕಿನ ಮೈಲೇಜ್ ಐದನೇ ಒಂದು ಭಾಗ ಬಿದ್ದಿದೆ ಎಂದು ಕಾಣುತ್ತಿತ್ತು. ಕಾರಣ ಹುಡುಕುತ್ತ ಮೆಕ್ಯಾನಿಕ್ ಹತ್ತಿರ ಹೋಗಿ ಏರ್ ಫಿಲ್ಟರ್, ಸ್ಪಾರ್ಕ್ ಪ್ಲಗ್ ಬದಲಾಯಿಸಿಕೊಂಡು ಬರುವವರಲ್ಲಿ ಎಷ್ಟು ಜನ ಹೀಗೆ ಬಂಕಿನಲ್ಲಿ ಮೋಸ ಹೋದವರೋ ಎಂದು ನನಗೆ ಸಿಟ್ಟು ಬರುತ್ತದೆ.

ನಾವು ಗಲಾಟೆ ಮಾಡಲಿಲ್ಲ. ಐದು ಲೀಟರಿನ ಅಳತೆ ಪಾತ್ರೆ ತನ್ನಿ ಎಂದೆವು. ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಇರುವ ಆ ಪಾತ್ರೆ ಪ್ರತಿ ಬಂಕಿನಲ್ಲೂ ಇರಬೇಕು, ಗ್ರಾಹಕರು ಕೇಳಿದರೆ ಅಳೆದು ತೋರಿಸಬೇಕು. ಆ ಮಾತು ಕಿವಿಗೆ ಬಿದ್ದದ್ದೇ ಒಳಗಿನಿಂದ ಮ್ಯಾನೇಜರ್ ಎದ್ದು ಬಂದರು, ಉಳಿದ ಪೆಟ್ರೋಲ್ ಹಾಕಿಸಿದರು. ನೂರರ ಬದಲು ನೂರಹತ್ತು ರೂಪಾಯಿಗೆ ಹಾಕಿಸಿದರೆ ಮೋಸವಾಗುವುದಿಲ್ಲ ಎಂಬ ನಂಬಿಕೆಯಿಂದ ಇಂಥ ಕಡೆ ಯಾವ ಉಪಯೋಗವೂ ಇಲ್ಲ. ಬೈಕಿನಿಂದ ಇಳಿಯಿರಿ, ಸೊನ್ನೆ ನೋಡಿ, ನಡುವೆ ನಿಲ್ಲಿಸಿದರೆ ಮತ್ತೆ ಸೊನ್ನೆ ಮಾಡಿಸಿ, ಯಾರೇ ಮಾತಾಡಿಸಿದರೂ ಕಣ್ಣು ಮೀಟರ್ ಮೇಲಿರಲಿ.

ರೂಪಾಯಿ ಲೆಕ್ಕದಲ್ಲಿ ಹಾಕಿಸಿದರೆ ಮೈಲೇಜ್ ಲೆಕ್ಕವೂ ಸರಿಬರುವುದಿಲ್ಲ. ನಡುವಿನ ಸ್ಟ್ಯಾಂಡ್ ಹಾಕಿ, ಟ್ಯಾಂಕಿನ ಬಾಯೊಳಗಿನ ತುಟಿಯ ಕೆಳ ಅಂಚಿನವರೆಗೆ ತುಂಬಿಸಿ, ಟ್ರಿಪ್ ಮೀಟರ್ ಸೊನ್ನೆ ಮಾಡಿ. ಮುಂದಿನ ಸಲವೂ ಅದೇ ಮಟ್ಟಕ್ಕೆ ತುಂಬಿಸಿ, ಓಡಿದ ದೂರವನ್ನು ಆಗ ಹಿಡಿದ ಲೀಟರಿನಿಂದ ಭಾಗಿಸಿ. ಒಮ್ಮೆ ಸೈಡ್ ಸ್ಟ್ಯಾಂಡ್, ಒಮ್ಮೆ ನೆಟ್ಟಗೆ ಎಂದು ಮಾಡಿದರೆ ಅಗಲವಾದ ಟ್ಯಾಂಕಿನಲ್ಲಿ ಮಟ್ಟ ಬದಲಾಗುತ್ತದೆ. ಕತ್ತಿನವರೆಗೆ ಒತ್ತಿ ತುಂಬಿಸುವುದೂ ಬೇಡ, ಬಿಸಿಲಿಗೆ ಪೆಟ್ರೋಲ್ ಹಿಗ್ಗಲು ಜಾಗ ಬೇಕು.

ಹುಬ್ಬಳ್ಳಿಯಿಂದ ಯಲ್ಲಾಪುರದ ಕಡೆ ಹೊರಟವರು ಕಲಘಟಗಿಯಲ್ಲಿ ಊಟಕ್ಕೆ ನಿಲ್ಲಿ. ಹುಬ್ಬಳ್ಳಿಯ ದೊಡ್ಡ ಹೋಟೆಲುಗಳಲ್ಲಿ ನಿಲ್ಲಬೇಡಿ. ರಸ್ತೆ ಬದಿಯ ಒಂದು ಖಾನಾವಳಿಗೆ ನಾವು ಹೋದೆವು, ನಾಲ್ಕೇ ಮೇಜು. ಒಳಗೆ ಅಜ್ಜಿಯೊಬ್ಬರು ರೊಟ್ಟಿ ಬಡಿಯುವ ಸದ್ದು ಹೊರಗಿನವರೆಗೂ ಕೇಳುತ್ತಿತ್ತು. ಬಿಸಿ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಮಡಕೆಕಾಳಿನ ಪಲ್ಯ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಗಟ್ಟಿ ಮೊಸರು, ಹಸಿ ಉಳ್ಳಾಗಡ್ಡಿ, ಮೆಂತ್ಯೆಸೊಪ್ಪು. ಎಣ್ಣೆಗಾಯಿಯ ಬದನೆ ಬೆರಳು ಮುಟ್ಟಿದರೆ ಬಿಚ್ಚಿಕೊಳ್ಳುವಷ್ಟು ಬೆಂದಿತ್ತು, ಒಳಗಿನ ಮಸಾಲೆಗೆ ಹುರಿದ ಶೇಂಗಾ ಮತ್ತು ಎಳ್ಳಿನ ಘಮ. ಬೇಡವೆಂದರೂ ಮೂರನೇ ರೊಟ್ಟಿ ತಟ್ಟೆಗೆ ಬಿತ್ತು. ಕೊನೆಗೆ ಅನ್ನಕ್ಕೆ ಕಟ್ಟಿನ ಸಾರು, ಮೇಲೆ ಒಂದು ಲೋಟ ಮಜ್ಜಿಗೆ. ತಲೆಗೆ ಎಂಬತ್ತು ರೂಪಾಯಿ. ಅಕ್ಕ ಚಟ್ನಿಪುಡಿ ಕಟ್ಟಿಸಿಕೊಳ್ಳಲು ಕೇಳಿದರೆ ಅದಕ್ಕೆ ಹಣ ತೆಗೆದುಕೊಳ್ಳಲಿಲ್ಲ. ಈ ಪ್ರವಾಸದಲ್ಲಿ ನಾನು ಮತ್ತೆ ಹೋಗಲು ಬಯಸುವ ಜಾಗ ಯಾವುದು ಎಂದು ಕೇಳಿದರೆ ಸಮುದ್ರಕ್ಕಿಂತ ಮೊದಲು ಇದನ್ನೇ ಹೇಳುತ್ತೇನೆ.

ಯಲ್ಲಾಪುರ ದಾಟಿದ ಮೇಲೆ ಅರಬೈಲು ಘಟ್ಟ. ಲಾರಿಗಳ ಸಾಲು ಸಾಲು, ತಿರುವುಗಳಲ್ಲಿ ಕೆಸರು. ಇಲ್ಲಿ ಭಾವ ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡುವುದನ್ನು ಕಂಡು ನಿಲ್ಲಿಸಿ ಹೇಳಬೇಕಾಯಿತು. ಕಾರ್ಬುರೇಟರ್ ಕಾಲದ ಅಭ್ಯಾಸ ಅದು. ಇಂದಿನ ಇಂಜೆಕ್ಷನ್ ಬೈಕುಗಳಲ್ಲಿ ಗೇರಿನಲ್ಲಿದ್ದು ಆಕ್ಸಿಲರೇಟರ್ ಪೂರ್ತಿ ಬಿಟ್ಟರೆ ಎಂಜಿನ್ನಿಗೆ ಪೆಟ್ರೋಲ್ ಹೋಗುವುದೇ ನಿಲ್ಲುತ್ತದೆ, ಚಕ್ರವೇ ಎಂಜಿನ್ನನ್ನು ತಿರುಗಿಸುತ್ತದೆ. ನ್ಯೂಟ್ರಲ್ ಮಾಡಿದರೆ ಎಂಜಿನ್ ಆರದಂತೆ ಉರಿಯಲು ಪೆಟ್ರೋಲ್ ಬೇಕಾಗುತ್ತದೆ, ಮೇಲಾಗಿ ಬೈಕನ್ನು ಹಿಡಿಯಲು ಬ್ರೇಕ್ ಮಾತ್ರ ಉಳಿಯುತ್ತದೆ. ಮಳೆಯಲ್ಲಿ, ಲಾರಿಗಳ ನಡುವೆ ಹಾಗೆ ಇಳಿಯುವುದು ಜೀವದ ಮೇಲಿನ ಆಟ. ಎರಡನೇ ಅಥವಾ ಮೂರನೇ ಗೇರಿನಲ್ಲಿ ಇಳಿಯಿರಿ. ಹುಬ್ಬಳ್ಳಿಯಿಂದ ಗೋಕರ್ಣಕ್ಕೆ ನನ್ನ ಲೆಕ್ಕ 40 ದಾಟಿತು. ಆದರೆ ಆ ಅಂಕಿಯನ್ನು ಯಾರಿಗೂ ಹೇಳಿಕೊಳ್ಳಬೇಡಿ. ಹುಬ್ಬಳ್ಳಿ ಸಮುದ್ರಮಟ್ಟದಿಂದ 600 ಮೀಟರಿಗೂ ಮೇಲಿದೆ, ನೀವು ಇಳಿಯುತ್ತಲೇ ಬಂದಿರುತ್ತೀರಿ. ಹೋಗಿ ಬಂದ ಎರಡೂ ದಾರಿಯನ್ನು ಕೂಡಿಸಿದ ಲೆಕ್ಕವೇ ನಿಜವಾದ ಲೆಕ್ಕ.

ಗೋಕರ್ಣದ ಬಗ್ಗೆ ಬರೆಯುವುದಿಲ್ಲ. ವಾರಾಂತ್ಯದ ಜನಜಂಗುಳಿ ನನಗೆ ಸಹಿಸಲಾಗದು. ಒಂದು ರಾತ್ರಿಯ ನಂತರ ಕುಮಟಾಕ್ಕೆ ಹೋಗಿ ಉಳಿದೆವು. ಗುಂಪು ಹಿಡಿಸದವರು ನೇರವಾಗಿ ಅಲ್ಲಿಗೇ ಹೋಗಿ.

ಮರಳುವಾಗ ಘಟ್ಟ ಹತ್ತಿಯೂ 36 ಬಂದದ್ದು ಹೇಗೆ? ಲೆಕ್ಕ ಸುಲಭ. ಗಾಡಿ, ಇಬ್ಬರು, ಸಾಮಾನು ಸೇರಿ 350 ಕೆಜಿ ಇಟ್ಟುಕೊಳ್ಳಿ. ಅದನ್ನು 500 ಮೀಟರ್ ಎತ್ತಲು ಸುಮಾರು 17 ಲಕ್ಷ ಜೂಲ್ ಶಕ್ತಿ ಬೇಕು. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 3.2 ಕೋಟಿ ಜೂಲ್ ಇರುತ್ತದೆ. ಎಂಜಿನ್ ಅದರಲ್ಲಿ ಕಾಲು ಭಾಗವನ್ನು ಮಾತ್ರ ಚಕ್ರಕ್ಕೆ ಮುಟ್ಟಿಸುತ್ತದೆ ಎಂದರೂ, ಇಡೀ ಘಟ್ಟ ಏರಲು ಹೆಚ್ಚುವರಿಯಾಗಿ ಬೇಕಾದದ್ದು ಕಾಲು ಲೀಟರಿಗೂ ಕಡಿಮೆ. ಘಟ್ಟದಲ್ಲಿ ಎಷ್ಟೇ ಅವಸರವಿದ್ದರೂ 40-50ಕ್ಕಿಂತ ಜೋರಾಗಿ ಹೋಗಲು ಆಗುವುದಿಲ್ಲ. ಗಾಳಿಯ ತಡೆ ಇಲ್ಲವೆಂಬಷ್ಟು ಕಡಿಮೆ. ಸಾಗರದಿಂದ ಶಿವಮೊಗ್ಗದವರೆಗೂ ಬಿ.ಎಚ್. (ಬೆಂಗಳೂರು-ಹೊನ್ನಾವರ) ರಸ್ತೆಯಲ್ಲಿ ವೇಗ 70 ದಾಟಲಿಲ್ಲ, ಗಾಳಿಯೂ ಬೆನ್ನಿಗಿತ್ತು.

ಪೆಟ್ರೋಲಿಗೆ ಎಥನಾಲ್ ಬೆರೆಸಿದ್ದರಿಂದ ಮೈಲೇಜ್ ಬಿದ್ದಿದೆ ಎನ್ನುವ ಮಾತು ದಾರಿಯುದ್ದಕ್ಕೂ ಕೇಳಿಸಿತು. ಅದರಲ್ಲಿ ಸತ್ಯವಿದೆ. ಎಥನಾಲ್‌ನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ ಶಕ್ತಿ ಇದೆ. ಶೇ 20 ಎಥನಾಲ್ ಬೆರೆತ ಇ20ಕ್ಕೆ 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಸಿಕ್ಕಿತು. ಅದಕ್ಕೂ ಮೊದಲು, 2021ರ ನೀತಿ ಆಯೋಗದ ವರದಿಯು ಹಳೆಯ ವಿನ್ಯಾಸದ ದ್ವಿಚಕ್ರ ವಾಹನಗಳಿಗೆ ಶೇ 3-4ರಷ್ಟು ಇಳಿಕೆಯನ್ನು ಅಂದಾಜಿಸಿತ್ತು. 35 ಕೊಡುವ ಬೈಕಿಗೆ ಅದು ಒಂದು, ಒಂದೂವರೆ ಕಿಲೋಮೀಟರ್. 35 ಇದ್ದದ್ದು 27 ಆದರೆ ಎಥನಾಲ್ ಮೇಲೆ ಹೊರಿಸಲು ಬರುವುದಿಲ್ಲ. ದುಬಾರಿ ಹೈ ಆಕ್ಟೇನ್ ಪೆಟ್ರೋಲೂ ಇದನ್ನು ಸರಿಪಡಿಸುವುದಿಲ್ಲ. ಮೀಟಿಯರ್‌ನ ಕಂಪ್ರೆಷನ್ ಅನುಪಾತ, ಅಂದರೆ ಎಂಜಿನ್ ಒಳಗೆ ಗಾಳಿ-ಪೆಟ್ರೋಲ್ ಮಿಶ್ರಣವನ್ನು ಒತ್ತುವ ಪ್ರಮಾಣ, 9.5; ಸಾಮಾನ್ಯ ಪೆಟ್ರೋಲೇ ಸಾಕು.

ಬೆಳಗಿನ ಜಾವ ಐದಕ್ಕೆ ಮೊದಲೇ ಬೆಂಗಳೂರು ಬಿಡಿ. ಪೀಣ್ಯದ ದಟ್ಟಣೆಗೆ ಸಿಗದಿರಲು ಮಾತ್ರವಲ್ಲ, ಬಿಸಿಲೇರುತ್ತಿದ್ದಂತೆ ಬಯಲಿನ ಗಾಳಿಯೂ ಜೋರಾಗುತ್ತದೆ. ಒಂಬತ್ತರೊಳಗೆ ಚಿತ್ರದುರ್ಗ ದಾಟಿದವರಿಗೆ ಅರ್ಧ ತೊಂದರೆ ತಪ್ಪುತ್ತದೆ. ಟೈರ್ ಗಾಳಿಯನ್ನು ಹೊರಡುವ ಮೊದಲು, ಚಕ್ರ ತಣ್ಣಗಿರುವಾಗಲೇ ನೋಡಿ: ಮೀಟಿಯರಿಗೆ ಮುಂದೆ 32 ಪಿಎಸ್ಐ, ಹಿಂದೆ ಒಬ್ಬರಿಗೆ 32, ಇಬ್ಬರಿಗೆ 36. ಮಧ್ಯಾಹ್ನ ಬಿಸಿ ಟೈರಿನಲ್ಲಿ ಹೆಚ್ಚು ತೋರಿಸಿತೆಂದು ಗಾಳಿ ಬಿಡಬೇಡಿ. ಕಡಲ ಮರಳು, ಉಪ್ಪುಗಾಳಿ ತಾಗಿದ ಚೈನನ್ನು ಕುಮಟಾದಲ್ಲೇ ಒರೆಸಿ ಎಣ್ಣೆ ಹಾಕಿ. ಹೊನ್ನಾವರ ಬಿಡುವ ಮೊದಲು ಟ್ಯಾಂಕ್ ತುಂಬಿಸಿಕೊಳ್ಳಿ. ಮುಂದೆ ಗೇರುಸೊಪ್ಪದ ಕಾಡಿನ ದಾರಿಯಲ್ಲಿ ಬಂಕು ಹುಡುಕುವ ಪರಿಸ್ಥಿತಿ ಬರಬಾರದು, ಮಳೆಗಾಲದಲ್ಲಂತೂ ಅಲ್ಲಿ ಮಧ್ಯಾಹ್ನ ಮೂರಕ್ಕೇ ಮಂಜು ಮುಸುಕಿ ಹೆಡ್‌ಲೈಟ್ ಹಾಕಬೇಕಾಗುತ್ತದೆ.