ಚಕ್ರ ತಿರುಗುತ್ತಲೇ ಇತ್ತು

ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯಲ್ಲಿ ಮೊಬೈಲ್ ಸಿಗ್ನಲ್ ಸಿಗುವುದು ಎರಡೇ ಕಡೆ. ಒಂದು, ಜಗಲಿಯ ಮೂಲೆಯ ಕಿಟಕಿ. ಇನ್ನೊಂದು, ಗೇಟಿನಾಚೆ ಹಲಸಿನ ಮರದ ಬುಡ. ಮಳೆ ಹಿಡಿದರೆ ಹಲಸಿನ ಮರವೂ ಕೈಕೊಡುತ್ತದೆ.

ಇದು ನನಗೆ ಗೊತ್ತಿಲ್ಲದ ವಿಷಯವೇನಲ್ಲ, ಅಲ್ಲೇ ಹುಟ್ಟಿ ಬೆಳೆದವನು. ಆದರೂ ಬೆಂಗಳೂರಿನ ರೂಮಿನಲ್ಲಿ ಕೂತು ಅಪ್ಪನಿಗಾಗಿ ಅಡಿಕೆ ಧಾರಣೆ ತೋರಿಸುವ ಪುಟ ಮಾಡುವಾಗ ಈ ಕಿಟಕಿ ನೆನಪಿಗೇ ಬರಲಿಲ್ಲ.

ಪುಟ ಬಹಳ ಸರಳ. ಶಿವಮೊಗ್ಗ, ಸಾಗರ, ಶಿರಸಿ, ಚನ್ನಗಿರಿ. ಒಂದೊಂದು ಮಾರುಕಟ್ಟೆಯ ಕೆಳಗೂ ರಾಶಿ, ಬೆಟ್ಟೆ, ಸರಕು, ಗೊರಬಲು ಹೀಗೆ ಅಲ್ಲಿ ನಡೆಯುವ ಬಗೆಗಳು, ಎದುರಿಗೆ ಕ್ವಿಂಟಲ್ ರೇಟು. ಪುಟ ತೆರೆದಾಗ ರೇಟುಗಳು ಬೇರೆ ಸರ್ವರ್‌ನಿಂದ ಬರಬೇಕು. ಬರುವತನಕ ಖಾಲಿ ಜಾಗ ಕಾಣಬಾರದಲ್ವಾ, ಅದಕ್ಕೆ ನಡುವೆ ಒಂದು ಚಕ್ರ ಇಟ್ಟೆ. ಎಲ್ಲರೂ ನೋಡಿರುವ ಅದೇ ಚಕ್ರ. ಒಂದು ಗುಂಡನೆಯ ಬಾರ್ಡರ್, ಅದರ ಕಾಲು ಭಾಗಕ್ಕೆ ಹಸಿರು ಬಣ್ಣ, ಸೆಕೆಂಡಿಗೆ ಒಂದು ಸುತ್ತು, ಕೊನೆಯಿಲ್ಲದೆ. ಪುಟದ ಅಂದಚಂದ ಬರೆಯುವ ಸಿಎಸ್‌ಎಸ್‌ನಲ್ಲಿ ಹತ್ತು ಸಾಲೂ ಬೇಡ. ಆ ಹಸಿರು ಬಣ್ಣ ಆರಿಸಲು ಮಾತ್ರ ಅರ್ಧ ಗಂಟೆ ಹಿಡಿಯಿತು. ಹಸಿ ಅಡಿಕೆಯ ಹಸಿರು ಬರಬೇಕಿತ್ತು ನನಗೆ.

ರೂಮಿನ ವೈಫೈಯಲ್ಲಿ ಆ ಚಕ್ರ ಸರಿಯಾಗಿ ಕಾಣುತ್ತಲೂ ಇರಲಿಲ್ಲ. ಪುಟ ತೆರೆದರೆ ಮಿಂಚುಹುಳದ ಹಾಗೆ ಒಮ್ಮೆ ಮಿನುಗಿ ಮಾಯ, ರೇಟು ಹಾಜರು. ನನಗೋ ಹೆಮ್ಮೆ. ಅಪ್ಪನಿಗೆ ಲಿಂಕ್ ಕಳಿಸಿ ಮರೆತೆ.

ಮುಂದಿನ ತಿಂಗಳು ಊರಿಗೆ ಹೋಗಿದ್ದೆ. ಜುಲೈ, ಜೋರು ಮಳೆ. ಸಂಜೆ ಅಪ್ಪ ಪುಟ ತೆರೆದು ಫೋನನ್ನು ಕಿಟಕಿಯ ಸರಳಿಗೆ ಒರಗಿಸಿ ಇಟ್ಟರು. ಬಚ್ಚಲಿಗೆ ಹೋಗಿ ಕಾಲು ತೊಳೆದು ಬಂದರು. ನೋಡಿದರು. ಕಾಫಿ ಕುಡಿದರು. ಮತ್ತೆ ನೋಡಿದರು. ನಾನು ಆರಾಮಕುರ್ಚಿಯಲ್ಲಿ ಕೂತು ಏನೋ ಓದುತ್ತಿದ್ದವನು ಕೇಳಿದೆ, "ಎಂತ ಅಪ್ಪ, ಬರಲಿಲ್ವಾ?"

"ಬರ್ತದೆ ಮಾರಾಯ, ತಿರುಗ್ತಾ ಇದೆಯಲ್ಲ."

ಆಗಲೇ ಇಪ್ಪತ್ತು ನಿಮಿಷ ಕಳೆದಿತ್ತು. "ದಿನಾ ಹೀಗೇನಾ?" ಅಂದೆ. ಮಳೆ ಇದ್ದ ದಿನ ಹೀಗೇ ಅಂತೆ. ಅರ್ಧ ಗಂಟೆ ಕಾದು, ಆಮೇಲೆ ಕೆಳಮನೆಯವರಿಗೆ ಫೋನ್ ಮಾಡಿ ರೇಟು ಕೇಳುತ್ತಾರಂತೆ. ನನಗೆ ಒಂದು ಮಾತೂ ಹೇಳಿರಲಿಲ್ಲ. ಮಗ ಮಾಡಿದ್ದು, ಪಾಪ ಅದು ಕೆಲಸ ಮಾಡುತ್ತಲೇ ಇದೆ, ನೆಟ್ಟೇ ನಿಧಾನ ಅಂತ ಅವರ ಲೆಕ್ಕ.

ಫೋನ್ ತೆಗೆದು ನೋಡಿದೆ. ಮೇಲೆ ಸಿಗ್ನಲ್ ಕಡ್ಡಿ ಒಂದೂ ಇಲ್ಲ. ಕೆಳಗೆ ನನ್ನ ಹಸಿರು ಚಕ್ರ ಸೆಕೆಂಡಿಗೆ ಒಂದು ಸುತ್ತಿನ ಹಾಗೆ ಗಿರಗಿರ. ಸುಮ್ನೆ ಫ್ಲೈಟ್ ಮೋಡ್ ಹಾಕಿದೆ. ಆಗಲೂ ತಿರುಗಿತು!

ತಿರುಗದೆ ಏನು ಮಾಡೀತು? ಅದಕ್ಕೂ ನೆಟ್‌ಗೂ ಸಂಬಂಧವೇ ಇಲ್ಲ. ಅದನ್ನು ತಿರುಗಿಸುವುದು ಬ್ರೌಸರ್. 'ಲೋಡಿಂಗ್' ಅಂತ ನಾನಿಟ್ಟ, ಹೌದು-ಅಲ್ಲ ಅಷ್ಟೇ ನೆನಪಿಡುವ ಒಂದು ವೇರಿಯೇಬಲ್ ಟ್ರೂ ಆಗಿರುವಷ್ಟು ಕಾಲ ಚಕ್ರ ಕಾಣುತ್ತದೆ, ಫಾಲ್ಸ್ ಆದರೆ ಮರೆಯಾಗುತ್ತದೆ. ಆ ಕಡೆ ಡೇಟಾ ದಾರಿಯಲ್ಲಿದೆಯೋ, ಸತ್ತೇ ಹೋಗಿದೆಯೋ, ಚಕ್ರಕ್ಕೇನು ಗೊತ್ತು. ಇಷ್ಟು ವರ್ಷ ಇದೇ ಕೆಲಸ ಮಾಡಿಕೊಂಡಿದ್ದೂ ಇದನ್ನು ಹೀಗೆ ನೇರವಾಗಿ ನೋಡಿರಲಿಲ್ಲ.

ರಾತ್ರಿ ಊಟ ಮುಗಿಸಿ ಲ್ಯಾಪ್‌ಟಾಪ್ ತೆಗೆದೆ. ತಪ್ಪು ಸಿಗಲು ಎರಡು ನಿಮಿಷವೂ ಬೇಕಾಗಲಿಲ್ಲ. ಸರ್ವರ್‌ನಿಂದ ಡೇಟಾ ತರಲು ಬ್ರೌಸರಿಗೆ ಹೇಳುವ 'ಫೆಚ್' ಅನ್ನುವ ಆಜ್ಞೆ ಕರೆದಿದ್ದೆ, ಬಂದ ಮೇಲೆ ಪಟ್ಟಿ ತುಂಬಿಸಿ, ಅದರ ಕೆಳಗಿನ ಸಾಲಿನಲ್ಲಿ ಲೋಡಿಂಗ್ ಅನ್ನು ಫಾಲ್ಸ್ ಮಾಡಿದ್ದೆ. ನಡುವೆ ಸಂಪರ್ಕ ಕಡಿದರೆ ಫೆಚ್ ಎರರ್ ಎಸೆಯುತ್ತದೆ, ಕೋಡ್ ಅಲ್ಲೇ ನಿಲ್ಲುತ್ತದೆ, ಆ ಸಾಲು ಬರುವುದೇ ಇಲ್ಲ. ಅದು ಇರಬೇಕಾದ್ದು 'ಫೈನಲಿ' ಒಳಗೆ. ಗೆದ್ದರೂ ಸೋತರೂ ಓಡುವ ಜಾಗ ಅದು. ಹೊಸಬರಿಗೆ ನಾನೇ ಹೇಳಿಕೊಡುವ ಪಾಠ!

ಅಷ್ಟಕ್ಕೇ ಮುಗಿಯಲಿಲ್ಲ. ಸರ್ವರ್ 500 ಅಂತ ಎರರ್ ಕಳಿಸಿದರೂ ಫೆಚ್ ಅದನ್ನು ಸೋಲು ಅಂತ ಎಣಿಸುವುದಿಲ್ಲ. ಉತ್ತರ ಬಂತಲ್ಲ, ಸಾಕು ಅನ್ನುತ್ತದೆ. ಕಾಗದ ಬಂದಿದೆ, ಒಳಗೆ ಕೆಟ್ಟ ಸುದ್ದಿ ಇದ್ದರೆ ಅಂಚೆಯವನಿಗೇನು ಅನ್ನುವ ಹಾಗೆ. 'ಓಕೆ' ಇದೆಯಾ ಅಂತ ನಾವೇ ಬಿಚ್ಚಿ ನೋಡಬೇಕು. ಇನ್ನೂ ಕೆಟ್ಟದ್ದೆಂದರೆ, ಇಂತಿಷ್ಟು ಹೊತ್ತು ಕಾದು ಸಾಕು ಮಾಡು ಅಂತ ಹೇಳುವ ಸೌಲಭ್ಯ ಫೆಚ್‌ನಲ್ಲಿ ತಾನಾಗಿ ಇಲ್ಲ. ಸಂಪರ್ಕ ಕಡಿಯದೆ, ಡೇಟಾವೂ ಬರದೆ ಸುಮ್ಮನೆ ಜೋತುಬಿದ್ದರೆ ಬಹಳ ಹೊತ್ತು ಹಾಗೇ ಇರುತ್ತದೆ. ನಮ್ಮ ಕಿಟಕಿಯಲ್ಲಿ ಆಗುವುದು ಜಾಸ್ತಿ ಇದೇ. ಅದಕ್ಕೆ ಫೆಚ್ ಅನ್ನು ನಡುವೆಯೇ ನಿಲ್ಲಿಸಬಲ್ಲ ಅಬಾರ್ಟ್ ಕಂಟ್ರೋಲರ್ ಕಟ್ಟಿ, 15 ಸೆಕೆಂಡಿಗೆ ಕೈಬಿಡುವ ಹಾಗೆ ಮಾಡಿದೆ.

ಕಂಪ್ಯೂಟರ್ ಬಳಸುವವರಿಗೆ ಯಾವುದು ಸುಲಭ ಅಂತ ಅಧ್ಯಯನ ಮಾಡುವ ತಜ್ಞ ಜೇಕಬ್ ನೀಲ್ಸನ್, ಉತ್ತರಕ್ಕೆ ಜನ ಎಷ್ಟು ಹೊತ್ತು ಕಾದಾರು ಅನ್ನುವ ಬಗ್ಗೆ 1993ರಲ್ಲೇ ಬರೆದಿಟ್ಟ ಮೂರು ಅಂಕಿಗಳು ನನಗೆ ಬಾಯಿಪಾಠ. 0.1 ಸೆಕೆಂಡಿನೊಳಗೆ ಆದರೆ ಒತ್ತಿದ ಕೂಡಲೇ ಆಯಿತು ಅನ್ನಿಸುತ್ತದೆ. 1 ಸೆಕೆಂಡಿನವರೆಗೆ ಯೋಚನೆಯ ಎಳೆ ತುಂಡಾಗುವುದಿಲ್ಲ. 10 ಸೆಕೆಂಡ್ ದಾಟಿದರೆ ಮನಸ್ಸು ಬೇರೆ ಕೆಲಸಕ್ಕೆ ಹೊರಡುತ್ತದೆ. ಆಫೀಸಿನ ಮೀಟಿಂಗಿನಲ್ಲಿ ಎಷ್ಟು ಸಲ ಉದುರಿಸಿದ್ದೇನೋ. ಅಪ್ಪನ ಮನಸ್ಸು ಕಾಲು ತೊಳೆದು ಕಾಫಿ ಕುಡಿದು ಬಂದಿತ್ತು.

ಮಳೆ ಸುರಿಯುತ್ತಿತ್ತು, ಕರೆಂಟ್ ಎರಡು ಸಲ ಹೋಗಿ ಬಂತು. ಬ್ಯಾಟರಿ ಇರುವಷ್ಟು ಹೊತ್ತು ಕೂತು ಒಂದೊಂದೇ ಸರಿ ಮಾಡಿದೆ. ಮೊದಲ 300 ಮಿಲಿಸೆಕೆಂಡ್ ಚಕ್ರವನ್ನೇ ತೋರಿಸಬಾರದು. ವೇಗದ ನೆಟ್‌ನಲ್ಲಿ ಆ ಮಿಂಚುಹುಳದಾಟ ತಪ್ಪುತ್ತದೆ. 5 ಸೆಕೆಂಡ್ ದಾಟಿದರೆ ಚಕ್ರದ ಕೆಳಗೆ 'ನೆಟ್‌ವರ್ಕ್ ನಿಧಾನ ಇದೆ' ಅಂತ ಒಂದು ಸಾಲು. 15 ಆದ ಮೇಲೆ ಚಕ್ರ ಹೋಗಿ, 'ರೇಟು ಸಿಗಲಿಲ್ಲ' ಅನ್ನುವ ಮಾತು, ಪಕ್ಕದಲ್ಲಿ 'ಮತ್ತೆ ಪ್ರಯತ್ನಿಸಿ' ಗುಂಡಿ.

ಮಲಗುವ ಮುಂಚೆ ಇನ್ನೊಂದು ಹೊಳೆಯಿತು. ಹಿಂದಿನ ಸಲ ಸಿಕ್ಕ ರೇಟನ್ನು ಫೋನಿನಲ್ಲೇ ಉಳಿಸಿಟ್ಟು, ತಾರೀಖಿನ ಸಮೇತ ಮೊದಲೇ ತೋರಿಸಿದರೆ? ಹೊಸದು ಬಂದಾಗ ಬದಲಾಗಲಿ. ಹಾಗಾದರೆ ಪುಟದ ನಡುವೆ ಅಷ್ಟು ದೊಡ್ಡ ಚಕ್ರ ಯಾಕೆ? ತಾರೀಖಿನ ಪಕ್ಕ ಅಕ್ಷರದಷ್ಟೇ ಸಣ್ಣದೊಂದು ಸಾಕು. ಅರ್ಧ ಗಂಟೆ ಕೂತು ಆರಿಸಿದ ಹಸಿರು ಈಗ ಕಣ್ಣಿಗೆ ಕಾಣುವುದೇ ಕಷ್ಟ.

ಬೆಳಿಗ್ಗೆ ಹಲಸಿನ ಮರದ ಬುಡದಲ್ಲಿ ಕೊಡೆ ಹಿಡಿದು ನಿಂತು ಹೊಸ ಕೋಡ್ ಏರಿಸಿದೆ. ಅದು ಏರಲು ಹಿಡಿದ ಹೊತ್ತಿನಲ್ಲಿ ನನ್ನ ಲ್ಯಾಪ್‌ಟಾಪಿನಲ್ಲೂ ಒಂದು ಚಕ್ರ ತಿರುಗುತ್ತಿತ್ತು. ಅದನ್ನು ನಂಬಬೇಕೋ ಬೇಡವೋ ಅಂತ ಕಾಲು ಒದ್ದೆ ಮಾಡಿಕೊಂಡು ಯೋಚಿಸಿದೆ.

ಬೆಂಗಳೂರಿಗೆ ವಾಪಸ್ ಬಂದು ನಾಲ್ಕು ದಿನ ಆಗಿತ್ತು. ಸಂಜೆ ಲ್ಯಾಂಡ್‌ಲೈನಿನಿಂದ ಅಪ್ಪನ ಫೋನ್. ಹಿಂದೆ ಮಳೆಯ ಸದ್ದು ಕೇಳುತ್ತಿತ್ತು.

"ಇಲ್ಲಿ ಎಂತದೋ ಬಂದಿದೆ. ರೇಟು ಸಿಗಲಿಲ್ಲ, ಮತ್ತೆ ಪ್ರಯತ್ನಿಸಿ ಅಂತ. ಕೆಳಗೆ ನಿನ್ನೆಯ ರೇಟು ಇದೆ. ಒತ್ತಲಾ?"

"ಒತ್ತಿ ಅಪ್ಪ."

ಸ್ವಲ್ಪ ಹೊತ್ತು ಮಾತಿಲ್ಲ.

"ಮತ್ತೆ ಅದೇ ಹೇಳ್ತದೆ," ಅಂದರು. "ಇರಲಿ, ಕೆಳಮನೆಗೆ ಫೋನ್ ಮಾಡ್ತೇನೆ. ಇವತ್ತು ಬೇಗ ಗೊತ್ತಾಯ್ತು."