ಹಾಕಿ ಪಂದ್ಯ ಬಿಡಿಸಿ ನೋಡುವ ನಮೂನೆ: ಇಲ್ಲಿಯವರೆಗಿನ ಕೆಲಸ

ಟಿ.ವಿ. ಮುಂದೆ ಕೂತ ಅಭಿಮಾನಿ ತುಂಬಬಹುದಾದ ನಮೂನೆ ಈಗ ಒಂದು ರೂಪಕ್ಕೆ ಬಂದಿದೆ. ಪರೀಕ್ಷೆಗೆ ಆರಿಸಿಕೊಂಡದ್ದು 2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಭಾರತ–ಬ್ರಿಟನ್ ಕ್ವಾರ್ಟರ್‌ಫೈನಲ್. 17ನೇ ನಿಮಿಷದಲ್ಲಿ ಅಮಿತ್ ರೋಹಿದಾಸ್‌ಗೆ ಕೆಂಪು ಕಾರ್ಡ್ ಬಿತ್ತು. ಉಳಿದ ಸುಮಾರು 43 ನಿಮಿಷ ಭಾರತ ಹತ್ತೇ ಜನರಲ್ಲಿ ಆಡಿ, 1–1ರಲ್ಲಿ ಹಿಡಿದು ನಿಲ್ಲಿಸಿ, ಶೂಟೌಟ್‌ನಲ್ಲಿ 4–2ರಿಂದ ಗೆದ್ದಿತು.

ಮೊದಲು ಕೈಬಿಟ್ಟದ್ದು ಚೆಂಡು ಯಾರ ಬಳಿ ಎಷ್ಟು ಹೊತ್ತಿತ್ತು ಎಂಬ ಕಾಲಂ. ಒಬ್ಬ ಆಟಗಾರ ಕಡಿಮೆಯಿರುವ ತಂಡ ಬೇಕೆಂದೇ ಚೆಂಡು ಬಿಟ್ಟುಕೊಟ್ಟು ಜಾಗ ಕಾಯುತ್ತದೆ; ಆ ಲೆಕ್ಕ ನೋಡಿದರೆ ದಿಕ್ಕು ತಪ್ಪುತ್ತದೆ. ಅದರ ಬದಲು ಒಂದು ‘ಡಿ’ (ಗೋಲ್ ಮುಂದಿನ ಅರ್ಧವೃತ್ತದಂಥ ಜಾಗ) ಪ್ರವೇಶಕ್ಕೆ ಒಂದು ಸಾಲು: ಕ್ವಾರ್ಟರ್, ಸಮಯ, ತಂಡ, ಎಡ–ನಡು–ಬಲ, ಒಳಬಂದ ಬಗೆ (ಡ್ರಿಬಲ್, ಪಾಸ್, ಏರಿಯಲ್ ಅಂದರೆ ಗಾಳಿಯಲ್ಲಿ ಎತ್ತಿ ಕಳಿಸಿದ ಚೆಂಡು), ಕೊನೆಗೆ ಆದದ್ದು. ಗೋಲ್ ಕಂಬಗಳಿಂದ 14.63 ಮೀಟರ್ ದೂರದ ಆ ಗೆರೆಯೊಳಗೆ ದಾಳಿ ಮಾಡುವವರ ಸ್ಟಿಕ್ ಮುಟ್ಟದೆ ಗೋಲಿಲ್ಲವಾದ್ದರಿಂದ ಅಳತೆ ಅಲ್ಲೇ ಶುರುವಾಗಬೇಕು.

ಇಲ್ಲೊಂದು ತೊಡಕಿತ್ತು. ಬಲದಿಂದ ಬಿರುಸಾಗಿ ಹೊಡೆದ ಚೆಂಡು ಯಾರಿಗೂ ತಾಗದೆ ‘ಡಿ’ ದಾಟಿ ಹೊರಹೋದರೂ ಪ್ರವೇಶವೆಂದು ಎಣಿಸಿದರೆ, ಸುಮ್ಮನೆ ಹೊಡೆಯುವ ತಂಡವೇ ಅಪಾಯಕಾರಿಯಾಗಿ ಕಾಣುತ್ತದೆ. ಅಂಥವಕ್ಕೆ ಈಗ ‘ಖಾಲಿ’ ಎಂದು ಬರೆದು ಮೊತ್ತದಿಂದ ಹೊರಗಿಡುತ್ತೇವೆ.

ಕಾರ್ಡ್‌ಗಳಿಗೆ ಬೇರೆ ಹಾಳೆ. ಹಸಿರು 2 ನಿಮಿಷ, ಹಳದಿ ಕನಿಷ್ಠ 5, ಕೆಂಪಾದರೆ ಪಂದ್ಯ ಮುಗಿಯುವ ತನಕ. 11ಕ್ಕೆ 11 ಇದ್ದ ಹೊತ್ತು, 11ಕ್ಕೆ 10 ಇದ್ದ ಹೊತ್ತು ಬೇರೆ ಮಾಡಿ, ಪ್ರವೇಶಗಳನ್ನು ಆ ನಿಮಿಷಗಳಿಂದ ಭಾಗಿಸಿ 15ರಿಂದ ಗುಣಿಸಿದರೆ ಒಂದು ಕ್ವಾರ್ಟರ್‌ನ ದರ ಸಿಗುತ್ತದೆ. 17 ನಿಮಿಷದ ಮೊತ್ತವನ್ನು 43 ನಿಮಿಷದ ಮೊತ್ತದ ಪಕ್ಕ ಹಾಗೇ ಇಟ್ಟು ಹೋಲಿಸುವಂತಿಲ್ಲ. ಕೆಲವು ಪ್ರಸಾರಗಳಲ್ಲಿ ಗಡಿಯಾರ 15ರಿಂದ ಇಳಿಯುತ್ತದೆ, ಅದನ್ನೂ ಮೊದಲೇ ಗಮನಿಸಿ.

ಹೆಚ್ಚು ಶ್ರಮ ಹೋದದ್ದು ಪೆನಾಲ್ಟಿ ಕಾರ್ನರ್ (ರಕ್ಷಣೆಯವರ ತಪ್ಪಿಗೆ ಎದುರಾಳಿಗೆ ಸಿಗುವ, ಗೋಲ್ ಪಕ್ಕದ ಗೆರೆಯಿಂದ ಶುರುವಾಗುವ ದಾಳಿ) ಹಾಳೆಗೆ, ಹೋಗಲೇಬೇಕು ಕೂಡ. ರಕ್ಷಣೆಗೆ ಗೋಲ್‌ಕೀಪರ್ ಸೇರಿ ಐವರು, ಮಿಕ್ಕವರು ಮೈದಾನದ ನಡುಗೆರೆಯಾಚೆ. ಕಣ್ಣು ಸಹಜವಾಗಿ ಚೆಂಡನ್ನು ಗೋಲಿನತ್ತ ಎಸೆಯುವ ಫ್ಲಿಕ್ಕರ್ ಮೇಲೆ ಹೋಗುತ್ತದೆ. ಅದನ್ನು ತಡೆದು ಕ್ರಮವಾಗಿ ನೋಡಬೇಕು. ಇಂಜೆಕ್ಷನ್, ಅಂದರೆ ಗೆರೆಯಿಂದ ತಳ್ಳಿದ ಮೊದಲ ಚೆಂಡು, ನೆಲಕ್ಕಂಟಿ ಬಂತೋ ಪುಟಿಯಿತೋ? ಅದನ್ನು ಹಿಡಿಯುವ ಸ್ಟಾಪರ್ ಚೆಂಡನ್ನು ಒಂದೇ ಸಲಕ್ಕೆ ನಿಲ್ಲಿಸಿದನೇ? ಫಸ್ಟ್ ರಷರ್ (ಹೊಡೆತ ತಡೆಯಲು ಮೊದಲು ಮುನ್ನುಗ್ಗುವ ರಕ್ಷಕ) ನೇರ ಚೆಂಡಿನ ಮೇಲೆ ಓಡಿದನೋ, ಒಂದು ಬದಿ ಮುಚ್ಚಿಕೊಂಡು ಓಡಿದನೋ? ಹೊಡೆತ ಹಿಟ್ಟೋ (ಸ್ಟಿಕ್ ಬೀಸಿ ಹೊಡೆದದ್ದು) ಫ್ಲಿಕ್ಕೋ (ಸ್ಟಿಕ್‌ನಿಂದ ಎತ್ತಿ ಎಸೆದದ್ದು)? ಮೊದಲ ಹೊಡೆತ ಹಿಟ್ ಆಗಿದ್ದರೆ ಗೋಲ್ ಗೆರೆ ದಾಟುವಾಗ 460 ಮಿಲಿಮೀಟರ್, ಅಂದರೆ ಗೋಲಿನ ತಳದ ಹಲಗೆಯ (ಬ್ಯಾಕ್‌ಬೋರ್ಡ್) ಎತ್ತರ, ಮೀರುವಂತಿಲ್ಲ. ಫ್ಲಿಕ್‌ಗೆ ಆ ಮಿತಿಯಿಲ್ಲ. ಸ್ಟಾಪ್ ಚೂರು ಜಾರಿದರೂ ರಷರ್‌ಗೆ ಇನ್ನೊಂದು ಹೆಜ್ಜೆ ಸಿಗುತ್ತದೆ, ಫ್ಲಿಕ್ ಅವನ ಸ್ಟಿಕ್‌ಗೆ ಬಡಿಯುತ್ತದೆ. ಅದನ್ನು ಫ್ಲಿಕ್ಕರ್‌ನ ವೈಫಲ್ಯವೆಂದು ಬರೆದರೆ ಅನ್ಯಾಯ. ಹಾಗೇ ರಷರ್ ಒಂದು ಬದಿ ಮುಚ್ಚಿದ್ದರಿಂದ ಸುಲಭವಾದ ತಡೆಯ ಪೂರ್ತಿ ಶ್ರೇಯ ಕೀಪರ್‌ಗೆ ಹೋಗಬಾರದು.

ನೇರ ಪ್ರಸಾರದಲ್ಲಿ ಇಷ್ಟೆಲ್ಲ ಹಿಡಿಯಲಾಗದು. ರಿಪ್ಲೇ ಓಡುತ್ತಿರುವಾಗಲೇ ಸೆಲ್ಫ್ ಪಾಸ್‌ನಿಂದ (ಫ್ರೀ ಹಿಟ್ ಪಡೆದವರು ತಾವೇ ಚೆಂಡು ಒಯ್ಯುವುದು) ಆಟ ಮುಂದುವರಿದಿರುತ್ತದೆ. ಮೊದಲ ನೋಟದಲ್ಲಿ ಸಮಯವನ್ನಷ್ಟೇ ಗುರುತು ಹಾಕಿ. ಮಿಕ್ಕದ್ದನ್ನು ಮರುವೀಕ್ಷಣೆಯಲ್ಲಿ ಕಾಲುಭಾಗದ ವೇಗಕ್ಕಿಳಿಸಿ ತುಂಬಿ. ಕೊಡಗಿನ ಕೌಟುಂಬಿಕ ಹಾಕಿ ಹಬ್ಬದಂಥ ಕಡೆ ಗ್ಯಾಲರಿಯಲ್ಲಿ ಕೂತು ಬರೆಯುವವರಾದರೆ ಇಬ್ಬರು ಬೇಕು, ಒಂದೊಂದು ತುದಿಯ 23 ಮೀಟರ್ ಗೆರೆಯ ನೇರಕ್ಕೆ ಒಬ್ಬೊಬ್ಬರು.

ಮುಂದಿನ ಕೆಲಸ ಅದೇ ಕೂಟದ ಸೆಮಿಫೈನಲ್. ಫಸ್ಟ್ ರಷರ್ ಆಗಿದ್ದ ರೋಹಿದಾಸ್ ಅಮಾನತಾಗಿ ಹೊರಗಿದ್ದರು, ಜರ್ಮನಿ 3–2ರಿಂದ ಗೆದ್ದಿತು. ಜರ್ಮನಿಯ ಗೊನ್ಸಾಲೊ ಪೆಯಾಟ್ ಗೋಲು ಬಂದದ್ದು ಪೆನಾಲ್ಟಿ ಕಾರ್ನರ್‌ನಿಂದಲೇ. ಎರಡೂ ಪಂದ್ಯಗಳ ರಷರ್ ಓಟದ ದಾರಿಯನ್ನು ಒಂದೇ ಚಿತ್ರದ ಮೇಲೆ ಎರಡು ಬಣ್ಣದಲ್ಲಿ ಬರೆಯಬೇಕಿದೆ.