ಕೂರಿಸಿ ಕೊಟ್ಟ ಕಾಸು

ಕೆಲಸದ ಸಲುವಾಗಿ ಚೀನಾದ ತಿಯಾನ್‌ಜಿನ್‌ನಲ್ಲಿದ್ದ ಎರಡನೆಯ ವರ್ಷ, ನವೆಂಬರಿನ ಒಂದು ಶನಿವಾರ, ಬೆಳಗಿನ ರೈಲು ಹಿಡಿದು ಶಾನ್ಶಿ ಪ್ರಾಂತ್ಯದ ರಾಜಧಾನಿ ತಾಯ್‌ಯುವಾನ್‌ಗೆ ಹೊರಟೆ. ಅಲ್ಲಿ ನೋಡಬೇಕಾದ ಗುಡಿಗೋಪುರಗಳ ಪಟ್ಟಿ ನನ್ನ ಬಳಿ ಇರಲಿಲ್ಲ. ಚೀಲದಲ್ಲಿದ್ದದ್ದು ವೇಲ್ಸ್‌ನ ಬ್ಯಾಪ್ಟಿಸ್ಟ್ ಮಿಷನರಿ ಟಿಮೊಥಿ ರಿಚರ್ಡ್ 1878ರ ಚಳಿಗಾಲದಲ್ಲಿ, ಭೀಕರ ಬರದ ನಡುವೆ, ಬರೆದ ದಿನಚರಿಯ ಕೆಲವು ಪುಟಗಳ ಪ್ರತಿ ಮಾತ್ರ. ಚೀನೀಯರು ಆತನನ್ನು ಲೀ ತಿಮೊತಾಯ್ ಎಂದು ಕರೆಯುತ್ತಿದ್ದರು.

ಆ ದಾರಿಯನ್ನು ಬೇಕೆಂದೇ ಆರಿಸಿಕೊಂಡಿದ್ದೆ. 1877ರ ಕೊನೆಯಲ್ಲಿ ತಿಯಾನ್‌ಜಿನ್ ಬಂದರಿನ ಕಟ್ಟೆಯ ಮೇಲೆ ಧಾನ್ಯ ಬೆಟ್ಟದಂತೆ ಬಿದ್ದಿತ್ತು. ಅದನ್ನು ತಾಯ್‌ಹಾಂಗ್ ಬೆಟ್ಟಗಳಾಚೆಯ ಶಾನ್ಶಿಗೆ ಮುಟ್ಟಿಸಲು ಗುಗುವಾನ್ ಕಣಿವೆಯ ಇಕ್ಕಟ್ಟಾದ ದಾರಿಯನ್ನೇ ನೆಚ್ಚಬೇಕಿತ್ತು. ಒಂಟೆ, ಹೇಸರಗತ್ತೆ, ಕತ್ತೆ, ಗಾಡಿ, ಮನುಷ್ಯರು ಎಲ್ಲರೂ ಆ ಕಣಿವೆಯಲ್ಲಿ ಒಬ್ಬರಿಗೊಬ್ಬರು ಸಿಕ್ಕಿಕೊಂಡು, ಹೊತ್ತು ಸಾಗಿಸಬೇಕಾದ ಪ್ರಾಣಿಗಳು ದಾರಿಯಲ್ಲೇ ಸತ್ತವು. ನನ್ನ ರೈಲು ಅದೇ ಬೆಟ್ಟಗಳ ಕೆಳಗೆ ಸುಮಾರು 28 ಕಿ.ಮೀ. ಉದ್ದದ ಸುರಂಗವನ್ನು ಹೊಕ್ಕು ಹೊರಬರಲು ಹತ್ತು ನಿಮಿಷವನ್ನೂ ತೆಗೆದುಕೊಳ್ಳಲಿಲ್ಲ.

ಆ ಬರಕ್ಕೆ ಚೀನೀಯರು ಇಟ್ಟ ಹೆಸರು ದಿಂಗ್‌ವೂ. ಅವರ ಅರವತ್ತು ವರ್ಷಗಳ ಚಕ್ರದಲ್ಲಿ 1877 ದಿಂಗ್‌ಚೌ, 1878 ವೂಯಿನ್. ಎರಡರ ಮೊದಲಕ್ಷರಗಳನ್ನು ಜೋಡಿಸಿದರೆ ದಿಂಗ್‌ವೂ. ಇದನ್ನು ಮೊದಲ ಸಲ ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದೆ. ಅದೇ ವರ್ಷಗಳಲ್ಲಿ ಮೈಸೂರು ಸೀಮೆಯನ್ನು ಹಿಂಡಿದ ಬರವನ್ನು ನಮ್ಮವರೂ ಧಾತು, ಈಶ್ವರ ಎಂಬ ಎರಡು ಸಂವತ್ಸರಗಳನ್ನು ಕೂಡಿಸಿಯೇ ಕರೆದರು, ನಮ್ಮದೂ ಅರವತ್ತರ ಚಕ್ರವೇ. ಮಳೆ ಎರಡೂ ಕಡೆ ಒಟ್ಟಿಗೇ ಕೈಕೊಟ್ಟಿತ್ತು. ಮೈಸೂರಿನ ಜನಸಂಖ್ಯೆ 1871ರಲ್ಲಿ 50 ಲಕ್ಷವಿದ್ದದ್ದು 1881ಕ್ಕೆ 42 ಲಕ್ಷಕ್ಕಿಳಿಯಿತು. ಉತ್ತರ ಚೀನಾದ ಐದು ಪ್ರಾಂತ್ಯಗಳಲ್ಲಿ ಸತ್ತವರು 95 ಲಕ್ಷದಿಂದ 1.3 ಕೋಟಿ ಎಂದು ಅಂದಾಜು.

ರಿಚರ್ಡ್ ಶಾನ್ಶಿಗೆ ಬರುವ ಮುನ್ನವೇ, 1876ರಲ್ಲಿ, ಶಾನ್‌ಡಾಂಗ್ ಪ್ರಾಂತ್ಯದ ಚಿಂಗ್‌ಝೌ ಊರಿನಲ್ಲಿ ಹಣ ಹಂಚಲು ಶುರುಮಾಡಿದ್ದ. ಆಗ ಆತನಿಗೆ ಎದುರಾದ ತೊಡಕು ಹಣದ ಕೊರತೆಯಷ್ಟೇ ಆಗಿರಲಿಲ್ಲ. ಹಸಿದ ಜನ ಮುತ್ತಿಕೊಂಡರೆ ಬಲವುಳ್ಳವನಿಗೆ ಎರಡು ಸಲ ಸಿಗುತ್ತದೆ, ಮುದುಕಿಗೆ ಒಂದು ಸಲವೂ ಇಲ್ಲ. ಅದಕ್ಕಿಂತ ಹೆಚ್ಚಾಗಿ ಕಾಲ್ತುಳಿತದಲ್ಲೇ ನಾಲ್ಕಾರು ಜನ ಹೋಗಿಬಿಡಬಹುದು. ಆತ ಮೊದಲು ಒಂದು ಕಿರಿದಾದ ಓಣಿಯನ್ನು ಹುಡುಕಿ, ಒಬ್ಬೊಬ್ಬರೇ ದಾಟಿಹೋಗುವಾಗ ಕೈಗೆ ಕಾಸು ಹಾಕಿ, ಮತ್ತೆ ಬಾರದಂತೆ ಅದೇ ಕೈಗೆ ಮಸಿಯ ಗುರುತು ಹಚ್ಚಿದ. ಆಮೇಲೆ ಬೈಬಲ್ಲಿನಲ್ಲಿ ಯೇಸು ರೊಟ್ಟಿ ಹಂಚುವ ಮೊದಲು ಜನರನ್ನು ಹುಲ್ಲಿನ ಮೇಲೆ ಕೂರಿಸಿದ ಸಂಗತಿ ಆತನಿಗೆ ಹೊಳೆಯಿತು. ಎಲ್ಲರನ್ನೂ ಸಾಲಾಗಿ ನೆಲದ ಮೇಲೆ ಕೂರಿಸಿದ; ಕೂತ ಜನ ನುಗ್ಗಲಾರರು. ನಮ್ಮೂರಿನ ಜಾತ್ರೆಯಲ್ಲಿ ಸಾವಿರಾರು ಜನಕ್ಕೆ ಪಂಕ್ತಿ ಹಾಕಿ ಬಡಿಸಿದವರನ್ನು ಕೇಳಿದ್ದರೆ ಇದನ್ನು ಅವರು ಮೊದಲ ದಿನವೇ ಹೇಳಿಕೊಡುತ್ತಿದ್ದರು ಎಂದು ಓದುವಾಗ ನಗು ಬಂತು. ಆದರೆ ಪಂಕ್ತಿಯಲ್ಲಿ ಕೂರುವವನಿಗೆ ತನ್ನ ಎಲೆಯವರೆಗೂ ಅನ್ನ ಬಂದೇ ಬರುತ್ತದೆಂಬ ಭರವಸೆಯಿರುತ್ತದೆ. ಹಿಂದೆಂದೂ ಕಂಡಿರದ ಪರದೇಶಿಯೊಬ್ಬನ ಮಾತಿಗೆ ಆ ಜನ ಹೇಗೆ ಕೂತರೋ!

ಇದೇ ಮನುಷ್ಯನ ಇನ್ನೊಂದು ಕೆಲಸ ನನಗೆ ಇಂದಿಗೂ ಕಸಿವಿಸಿ ತರುತ್ತದೆ. ಮಳೆ ಬೇಕಾದರೆ ಜೀವವಿಲ್ಲದ ವಿಗ್ರಹಗಳನ್ನು ಬಿಟ್ಟು ಜೀವವಿರುವ ದೇವರನ್ನು ಪ್ರಾರ್ಥಿಸಿರೆಂದು ಆತ ಊರಬಾಗಿಲುಗಳಿಗೆ ಹಳದಿ ಭಿತ್ತಿಪತ್ರ ಅಂಟಿಸಿದ್ದ. ಬಾಯಾರಿದ ನೆಲದಲ್ಲಿ ನಿಂತು ಹೀಗೆ ವಾದಿಸುವುದು ನ್ಯಾಯವಲ್ಲ. ಶಾನ್ಶಿಯ ರಾಜ್ಯಪಾಲ ಝೆಂಗ್ ಗುವೊಚುವಾನ್ ಈತ ಜನರ ಮನಸ್ಸನ್ನು ಕೊಳ್ಳಲು ಬಂದವನೆಂದು ಶಂಕಿಸಿದ್ದರಲ್ಲಿ ನನಗೆ ಆಶ್ಚರ್ಯವೇನೂ ಕಾಣುವುದಿಲ್ಲ. ದಕ್ಷಿಣದ ಚೀನೀ ದಾನಿಗಳೂ ಅನಾಥ ಮಕ್ಕಳು ಪರದೇಶಿಗಳ ಪಾಲಾಗಬಾರದೆಂಬ ಕಳವಳದಿಂದಲೇ ತಮ್ಮದೇ ಹಣ ಹಿಡಿದು ಚಿಂಗ್‌ಝೌಗೆ ಹೋದರು. ಆದರೂ ಝೆಂಗ್ ಕೊನೆಗೆ ರಿಚರ್ಡ್‌ನಿಗೆ ಹಳ್ಳಿಗಳನ್ನು ಗೊತ್ತುಮಾಡಿಕೊಟ್ಟರು. ಬಡವರ ಪಟ್ಟಿ ಮಾಡಿಸಿ ಹಳ್ಳಿಯಿಂದ ಹಳ್ಳಿಗೆ ಹೋಗಿ ಹಣ ಮುಟ್ಟಿಸುವ ಕೆಲಸಕ್ಕೆ ಜೋಶುವಾ ಟರ್ನರ್, ವೆಸ್ಲಿಯನ್ ಮಿಷನ್ನಿನ ಡೇವಿಡ್ ಹಿಲ್ ಮುಂತಾದವರು ಸೇರಿಕೊಂಡರು. ಜೊತೆಗೆ ಬಂದ ಅಮೆರಿಕದ ಆಲ್ಬರ್ಟ್ ವೈಟಿಂಗ್ ತಾಯ್‌ಯುವಾನ್ ತಲುಪಿದ ಕೆಲವೇ ದಿನಗಳಲ್ಲಿ, 1878ರ ಏಪ್ರಿಲಿನಲ್ಲಿ, ಬರದ ಬೆನ್ನಿಗೇ ಬಂದ ಟೈಫಸ್ ಜ್ವರದಿಂದ ತೀರಿಕೊಂಡರು.

ಸುರಂಗ ದಾಟಿದ ಮೇಲೆ ಪುಟಗಳನ್ನು ತೆರೆದೆ. ಜನವರಿಯ ಕೊನೆಯಲ್ಲಿ ರಿಚರ್ಡ್ ತಾಯ್‌ಯುವಾನ್‌ನಿಂದ ದಕ್ಷಿಣಕ್ಕೆ ಹೊರಟು, ಕಂಡದ್ದನ್ನು ಆಯಾ ದಿನವೇ ಗುರುತುಹಾಕಿಕೊಂಡಿದ್ದಾನೆ. ಮರಗಳ ತೊಗಟೆಯನ್ನು ಎತ್ತರದವರೆಗೂ ಸುಲಿದು ತಿಂದು ಕಾಂಡಗಳು ಬೆಳ್ಳಗಾಗಿವೆ. ತೊಲೆ, ಬಾಗಿಲು ಕಿತ್ತು ಮಾರಿದ ಮನೆಗಳು ಬಾಯ್ದೆರೆದು ನಿಂತಿವೆ. ಒಂದು ಕಡೆ, ಶವಯಾತ್ರೆಯನ್ನು ಕಂಡೆನೆಂದು ಬರೆಯುತ್ತಾನೆ. ಯಾತ್ರೆಯಲ್ಲಿದ್ದದ್ದು ಒಬ್ಬಳೇ ತಾಯಿ, ಅವಳ ಹೆಗಲ ಮೇಲೆ ಹತ್ತು ವರ್ಷದ ಮಗನ ಹೆಣ. ಹೊತ್ತವಳೂ ಅವಳೇ, ಅತ್ತವಳೂ ಅವಳೇ. ಕೋಟೆಗೋಡೆಯ ಹೊರಗೆ ಹಿಮದಲ್ಲಿ ಮಗುವನ್ನು ಮಲಗಿಸಿ ಬಂದಳು. ಪಕ್ಕದ ಸೀಟಿನ ಹುಡುಗಿ ಸೂರ್ಯಕಾಂತಿ ಬೀಜದ ಪೊಟ್ಟಣವನ್ನು ನನ್ನತ್ತ ಚಾಚಿದಾಗ ನಾನು ಒಂದು ಕ್ಷಣ ತಡವರಿಸಿ ಕೈಯೊಡ್ಡಿದೆ.

ತಾಯ್‌ಯುವಾನ್‌ನಲ್ಲಿ ಹೋವ್‌ಜ್ಯಾ ಎಂಬ ಓಣಿಯ ಹಳೆಯ ಸಭಾಂಗಣವನ್ನು ಹುಡುಕಿಕೊಂಡು ಹೋದೆ. 1900ರ ಜುಲೈಯಲ್ಲಿ ಇದೇ ಊರಿನಲ್ಲಿ ರಾಜ್ಯಪಾಲ ಯೂಶಿಯಾನ್‌ನ ಆಣತಿಯಂತೆ ಹತ್ತಾರು ಮಿಷನರಿಗಳನ್ನು ಹೆಂಡಿರು ಮಕ್ಕಳ ಸಮೇತ ಕೊಂದರು. ಅದಕ್ಕೆ ತೆರಬೇಕಾದ ದಂಡವನ್ನು, ಹತ್ತು ವರ್ಷಗಳಲ್ಲಿ ಐದು ಲಕ್ಷ ತೇಲ್ (ತೇಲ್ ಎಂದರೆ ಚೀನೀಯರ ತೂಕದ ಅಳತೆ) ಬೆಳ್ಳಿಯನ್ನು, ಶಾನ್ಶಿಯ ಹುಡುಗರ ಓದಿಗೇ ಹಾಕಬೇಕೆಂದು ರಿಚರ್ಡ್ ಸೂಚಿಸಿದ. 1902ರಲ್ಲಿ ವಿಶ್ವವಿದ್ಯಾಲಯ ಶುರುವಾಯಿತು; ನಾನು ಹುಡುಕಿ ಹೋದ ಸಭಾಂಗಣ ಅದರದ್ದೇ. ಭಿತ್ತಿಪತ್ರದ ಸಿಟ್ಟು ನನ್ನಲ್ಲಿ ಇಲ್ಲಿಗೆ ಸ್ವಲ್ಪ ಇಳಿಯುತ್ತದೆ.

ಗಾಳಿ ಕೊರೆಯುತ್ತಿತ್ತು. ಸಮೀಪದ ಪುಟ್ಟ ಹೋಟೆಲು ಹೊಕ್ಕು ಶ್ಯಾವ್‌ಮಿ ಗಂಜಿ ಕೇಳಿದೆ. ಬಟ್ಟಲು ಬಂದಾಗ ಗುರುತು ಹಿಡಿದೆ: ಶ್ಯಾವ್‌ಮಿ ಎಂದರೆ ನಮ್ಮ ನವಣೆ. ಹಳದಿ ಬಣ್ಣದ ಬಿಸಿ ಗಂಜಿ, ಮೇಲೆ ತೆಳ್ಳನೆಯ ಕೆನೆ. ಬರಗೆಟ್ಟವನ ಹಾಗೆ ಒಂದೇ ಉಸಿರಿಗೆ ಮುಗಿಸಿದೆ, ಹೋಟೆಲಿನ ಹಿರಿಯರು ಕೇಳದೆಯೇ ಇನ್ನೊಂದು ಸೌಟು ಹಾಕಿದರು. ನನ್ನ ಹರಕುಮುರುಕು ಚೀನೀಯಲ್ಲಿ ದಿಂಗ್‌ವೂ ಬರದ ವಿಷಯ ಎತ್ತಿದೆ. ಅವರು ದಕ್ಷಿಣದ ಯುನ್‌ಚೆಂಗ್ ಕಡೆಯವರಂತೆ. ತಮ್ಮ ಹಳ್ಳಿಯ ಗುಡಿಯಲ್ಲಿ ಆ ಕಾಲದ ಕಲ್ಲಿನ ಶಾಸನವಿದೆ ಎಂದರು. ಸತ್ತವರ ಹೆಸರುಗಳಿವೆಯೇ ಎಂದು ಕೇಳಿದೆ.

“ಹೆಸರಿಲ್ಲ, ಎಷ್ಟು ಜನರದ್ದು ಅಂತ ಕೆತ್ತುವುದು?” ಎಂದು ಅವರು ಸೌಟನ್ನು ಪಾತ್ರೆಗೆ ಇಳಿಬಿಟ್ಟರು. “ಗೋಧಿ ಎಷ್ಟಾಗಿತ್ತು, ಶ್ಯಾವ್‌ಮಿ ಎಷ್ಟಾಗಿತ್ತು, ಆ ಬೆಲೆಗಳನ್ನು ಕೆತ್ತಿದ್ದಾರೆ.”

ಎರಡನೆಯ ಸಲ ಹಾಕಿದ್ದಕ್ಕೆ ಅವರು ದುಡ್ಡು ಹಿಡಿಯಲಿಲ್ಲ. ಬಟ್ಟಲಿಗೆ ಮೂರು ಯುವಾನ್.